ಆಪತ್ತಿಗೆ ಮುನ್ನ ಸಿದ್ಧತೆ

ಅರಸಿಯ ಕೆರೆಯೇ ಅರಸೀಕೆರೆಯಾಯಿತೆಂಬುದು ಎಲ್ಲರೂ ಬಲ್ಲ ಸಂಗತಿ. ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿನ ಪ್ರಾಚೀನ ನಾಮವಾದ ದೋರಸಮುದ್ರವೂ ಕೆರೆಯನ್ನೇ ನೆನಪಿಗೆ ತರುತ್ತದೆ. ಮಳೆ ಬಂದಾಗ ನೀರನ್ನು ಹಿಡಿದಿಟ್ಟು, ಬಾರದ ತಿಂಗಳುಗಳನ್ನು ದಾಟುವ ದೂರದೃಷ್ಟಿ ಈ ಸೀಮೆಯ ಊರುಗಳ ಹೆಸರಿನಲ್ಲಿಯೇ ಅಡಗಿದೆ. ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡಿನ ಸೆರಗಾದರೆ ಅರಸೀಕೆರೆ ಅಪ್ಪಟ ಬಯಲುಸೀಮೆ. ಇಷ್ಟು ಅಲ್ಪ ಅಂತರದಲ್ಲಿ ಒಂದೆಡೆ ಅತಿವೃಷ್ಟಿಯ, ಇನ್ನೊಂದೆಡೆ ಅನಾವೃಷ್ಟಿಯ ಭಯ.

1876–78ರ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ಮೈಸೂರು ಸಂಸ್ಥಾನವನ್ನೇ ತಲ್ಲಣಗೊಳಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಎಲ್ಲರನ್ನೂ ಹಸಿವೊಂದೇ ಕೊಲ್ಲಲಿಲ್ಲ. ಬಳಲಿದ ದೇಹಗಳನ್ನು ಕಾಲರಾ, ಆಮಶಂಕೆ, ಜ್ವರಗಳು ಕೊಂಡೊಯ್ದವು. ರೈಲಿನಲ್ಲಿ ಬೆಂಗಳೂರಿನವರೆಗೆ ಬಂದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಸಾಕಷ್ಟು ಎತ್ತಿನ ಗಾಡಿಗಳಿರಲಿಲ್ಲ. ಎತ್ತುಗಳೂ ಮೇವಿಲ್ಲದೆ ಸತ್ತಿದ್ದವು. ಅರಸೀಕೆರೆಯ ಮಾರ್ಗವಾಗಿ ಹರಿಹರದವರೆಗೆ ರೈಲು ಓಡಿದ್ದು 1889ರಲ್ಲಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಪಡಿತರ, ರಸ್ತೆ, ರೈಲುಗಳ ದೆಸೆಯಿಂದ ಹಿಂದಿನಂತಹ ಸಾಮೂಹಿಕ ಮರಣ ಸಂಭವಿಸಲಿಲ್ಲ. ಆದರೆ ಬರವೆಂದರೆ ಈಗ ಮುಖ್ಯವಾಗಿ ನೀರಿನ ಪ್ರಶ್ನೆ, ಆದುದರಿಂದಲೇ ಆರೋಗ್ಯದ ಪ್ರಶ್ನೆ. ಕೊಳವೆಬಾವಿ ಬತ್ತಿದಾಗ ಟ್ಯಾಂಕರು ತಂದ ನೀರು ಯಾವ ಮೂಲದ್ದೆಂದು ವಿಚಾರಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆ ನೀರನ್ನು ಡ್ರಮ್ಮುಗಳಲ್ಲಿ ತೆರೆದಿಟ್ಟರೆ ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮಳೆಯಿಲ್ಲದ ವರ್ಷದಲ್ಲಿಯೂ ಸೊಳ್ಳೆಯ ರೋಗ ಬರುವುದು ಹೀಗೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕಾಗುವುದರಿಂದ, ವಾರಕ್ಕೊಮ್ಮೆ ಪಾತ್ರೆಯನ್ನು ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಕುಡಿಯುವ ನೀರನ್ನು ಕುದಿಸಬೇಕು. ಕ್ಲೋರಿನ್ ಹಾಕಿದ್ದಾದರೆ ಅರ್ಧ ಗಂಟೆ ಕಾಯಬೇಕು. ವಾಂತಿಭೇದಿ ತಗುಲಿದವರಿಗೆ ಆಸ್ಪತ್ರೆ ಸೇರುವವರೆಗೆ ಓ.ಆರ್.ಎಸ್. ಕುಡಿಸಬೇಕು. ಪೊಟ್ಟಣ ದೊರೆಯದಿದ್ದಲ್ಲಿ, ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಈ ಅಳತೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಮಗ್ಗಿಯಂತೆ ಬಾಯಿಪಾಠವಾಗಿರತಕ್ಕದ್ದು.

ಅತಿವೃಷ್ಟಿಯ ವಿಚಾರವೂ ದೂರದ್ದಲ್ಲ. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಶಿರಾಡಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆಯ ಸಂಚಾರವೂ ರೈಲಿನ ಸಂಚಾರವೂ ನಿಂತವು. 108, 112ಕ್ಕೆ ಕರೆ ಹೋದರೂ ದಾರಿಯಿಲ್ಲದೆ ವಾಹನ ಬರಲಾರದು. ಮೊದಲ ಕೆಲವು ಗಂಟೆಗಳನ್ನು ಊರಿನವರೇ ನಿರ್ವಹಿಸಬೇಕು. ತೆಂಗಿನ ನಾಡಾದ ಅರಸೀಕೆರೆಯಲ್ಲಿ ಗುಡುಗು ಕೇಳಿದೊಡನೆ ಮರದಡಿ ಓಡುವ ರೂಢಿಯನ್ನು ಬಿಡಬೇಕು. ಎತ್ತರದ ಒಂಟಿ ಮರವೇ ಸಿಡಿಲಿಗೆ ಗುರಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಎರಡೂ ಅಪಾಯ. ಅಂಗವನ್ನು ಅಲುಗಿಸದೆ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇಂತಹ ಸಂದರ್ಭಗಳಲ್ಲಿ ಶಾಲೆಯೇ ಆಶ್ರಯಸ್ಥಾನವಾಗುವುದು ಸಹಜ. 2018ರ ಕೊಡಗಿನ ದುರಂತದಲ್ಲಿಯೂ ಶಾಲಾ ಕಟ್ಟಡಗಳು ಪರಿಹಾರ ಕೇಂದ್ರಗಳಾದವು. ಆದುದರಿಂದ ಬೀಗದ ಕೈ ಯಾರ ಬಳಿ ಇದೆ, ಸುತ್ತಮುತ್ತ ಒಂಟಿಯಾಗಿರುವ ವೃದ್ಧರು, ಗರ್ಭಿಣಿಯರು, ನಿತ್ಯ ಇನ್ಸುಲಿನ್ ಬೇಕಾದವರು ಯಾರೆಂಬ ಪಟ್ಟಿ ಉಪಾಧ್ಯಾಯರ ಕೈಯಲ್ಲಿರಬೇಕು. ವೃತ್ತಿನಿಮಿತ್ತ ದೂರದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರೂ ಇಂಜಿನಿಯರುಗಳೂ ಉಂಟು. ವರ್ಷಕ್ಕೊಂದು ದಿನ ಬಂದು ಪ್ರಥಮ ಚಿಕಿತ್ಸೆ ಕಲಿಸುವುದು ಅವರಿಗೆ ಭಾರವಾಗದು. ದಾನಿಗಳಲ್ಲಿ ಒಂದು ವಿಜ್ಞಾಪನೆ: ನೂತನ ಕೊಠಡಿಗೆ ಕೊಡುವಷ್ಟೇ ಸಂತೋಷದಿಂದ ನೀರಿನ ತೊಟ್ಟಿಗೊಂದು ಭದ್ರವಾದ ಮುಚ್ಚಳವನ್ನೂ ಮಾಡಿಸಿಕೊಡಬಹುದು. ಅದರ ಮೇಲೆ ಶಿಲಾಫಲಕಕ್ಕೆ ಸ್ಥಳವಿಲ್ಲ, ನಿಜ. ಮುಂಗಾರು ಹಿಡಿಯುವ ಮೊದಲು, ಶಾಲೆ ಪುನರಾರಂಭವಾಗುವ ವಾರದಲ್ಲಿಯೇ ತೊಟ್ಟಿಯನ್ನು ತೊಳೆಸಿ ಆ ಮುಚ್ಚಳವನ್ನು ಕೂಡಿಸುವುದು ಉಚಿತ.