ಗುರುವೋ, ವಿದ್ಯಾಪೀಠವೋ?

ಪ್ರಶ್ನೆ: ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದೇನೆ. ವಿಶ್ವವಿದ್ಯಾನಿಲಯವನ್ನು ನೋಡಿ ಅರ್ಜಿ ಹಾಕಲೋ, ಮಾರ್ಗದರ್ಶಕರನ್ನು ನೋಡಿಯೋ?

ಉತ್ತರ: ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ವ್ಯಾಸಂಗದ ವೃತ್ತಾಂತದಲ್ಲಿ ಇದಕ್ಕೆ ಉತ್ತರವಿದೆಯೆಂದು ನನಗೆ ತೋರುತ್ತದೆ. ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ಕೊಡವರನ್ನು ಕುರಿತು ಬೃಹತ್ತಾದ ಮಹಾಪ್ರಬಂಧವೊಂದನ್ನು ರಚಿಸಿ ಮುಗಿಸಿದ್ದ ಅವರು, 1945ರಲ್ಲಿ ಆಕ್ಸ್‌ಫರ್ಡಿಗೆ ತೆರಳಿ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನರ ಸನ್ನಿಧಿಯನ್ನು ಸೇರಲಾಗಿ, ಅದೇ ಸಾಮಗ್ರಿಯನ್ನು ಬೇರೊಂದು ದೃಷ್ಟಿಯಿಂದ ಪರಿಶೀಲಿಸಿ ಮತ್ತೊಮ್ಮೆ ಬರೆಯಬೇಕಾಯಿತು. ಆ ಗುರುಗಳು 1946ರಲ್ಲಿ ನಿವೃತ್ತರಾಗಲು, ಕಾರ್ಯವು ಇವಾನ್ಸ್-ಪ್ರಿಚರ್ಡರ ಮಾರ್ಗದರ್ಶನದಲ್ಲಿ ಪೂರ್ಣಗೊಂಡು, 1952ರಲ್ಲಿ ಗ್ರಂಥರೂಪವನ್ನು ತಾಳಿತು. ಕೆಳಜಾತಿಗಳು ಮೇಲುಜಾತಿಗಳ ಆಚಾರಗಳನ್ನು ಅನುಸರಿಸುವುದನ್ನು ಸೂಚಿಸುವ 'ಸಂಸ್ಕೃತೀಕರಣ'ವೆಂಬ ಮಾತು ವಿದ್ವಲ್ಲೋಕಕ್ಕೆ ಪರಿಚಿತವಾದದ್ದು ಆ ಗ್ರಂಥದಿಂದಲೇ. ಸಾಮಗ್ರಿ ಬದಲಾಗಲಿಲ್ಲ, ಗುರು ಬದಲಾದುದರಿಂದ ಪ್ರಶ್ನೆ ಬದಲಾಯಿತು.

ಆದಕಾರಣ ಗುರುವನ್ನೇ ಮೊದಲು ನೋಡಿರಿ. ಅವರ ಈಚಿನ ನಾಲ್ಕಾರು ಲೇಖನಗಳನ್ನು ಓದಿರಿ. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆಯೆಂಬುದನ್ನೂ, ಸಂಕೋಚಪಡದೆ, ವಿಚಾರಿಸಿರಿ. ಅಮೆರಿಕದಲ್ಲಾದರೋ ಮೊದಲೆರಡು ವರ್ಷ ತರಗತಿಗಳಲ್ಲಿಯೇ ಕಳೆಯುವುದರಿಂದ ಗುರುವಿನ ಆಯ್ಕೆ ತುಸು ತಡವಾದರೂ ನಡೆಯುತ್ತದೆ. ನಮ್ಮಲ್ಲಿ ಆ ಸೌಕರ್ಯ ಕಡಿಮೆ.

ಇನ್ನು ಸಂಶೋಧನಾ ಪ್ರಸ್ತಾವ. 'ಗ್ರಾಮೀಣ ಶ್ರಮಜೀವಿಗಳ ಸ್ಥಿತಿಗತಿ' ಎಂದು ಬರೆದರೆ ಅದು ವಿಷಯವಲ್ಲ, ಸಾಗರ. ಮಂಡ್ಯದ ಆಲೆಮನೆಗೆ ಕೂಲಿಗೆ ಬರುವವರಾರು, ಅವರನ್ನು ಕರೆತರುವವರಾರು, ಮುಂಗಡದ ಲೆಕ್ಕವನ್ನು ಬರೆದಿಡುವವರಾರು ಎಂದು ಕೇಳಿದಿರಾದರೆ ಓದುವವರು ತಲೆಯೆತ್ತುತ್ತಾರೆ. ಸ್ನಾತಕೋತ್ತರದಲ್ಲಿ ಶೇಕಡಾ 55 ಅಂಕ, ಪ್ರವೇಶಪರೀಕ್ಷೆ ಮುಂತಾದುವು ಪ್ರಕಟಣೆಯಲ್ಲಿಯೇ ಇರುತ್ತವೆ. ಶಿಫಾರಸು ಪತ್ರವನ್ನು ಮಾತ್ರ ಕಡೆಯ ದಿನದ ಹಿಂದಿನ ಸಂಜೆ ಅಧ್ಯಾಪಕರ ಮನೆಬಾಗಿಲಲ್ಲಿ ನಿಂತು ಬೇಡಬೇಡಿರಿ. ತಿಂಗಳು ಮೊದಲೇ, ಪ್ರಸ್ತಾವದ ಕರಡಿನೊಡನೆ ಹೋಗಿರಿ.