ಜಠರಾಮ್ಲವನ್ನು ತಗ್ಗಿಸುವ ಔಷಧಗಳು: ಕಾಲವೂ ಮಿತಿಯೂ

ಹೊಟ್ಟೆಯುಬ್ಬರ, ಹುಳಿತೇಗು, ಎದೆಯುರಿ, ಅಜೀರ್ಣ ಇವೆಲ್ಲವನ್ನೂ ಒಂದೇ ಮಾತಿನಲ್ಲಿ ‘ಗ್ಯಾಸ್ಟ್ರಿಕ್’ ಎಂದು ಕರೆಯುವುದು ನಮ್ಮ ನಾಡಿನಲ್ಲಿ ರೂಢಿಯಾಗಿದೆ. ಜಠರಕ್ಕೆ ಸಂಬಂಧಿಸಿದುದು ಎಂಬಷ್ಟೇ ಅರ್ಥವುಳ್ಳ ಒಂದು ವಿಶೇಷಣವು ಹೀಗೆ ರೋಗದ ಹೆಸರಾಗಿ ನೆಲಸಿರುವುದು ಭಾಷಾಶಾಸ್ತ್ರಜ್ಞರಿಗೆ ವಿನೋದದ ಸಂಗತಿಯಾಗಿರಬಹುದು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಅಷ್ಟು ನಿರುಪದ್ರವಿಯಲ್ಲ. ಹೆಸರು ಒಂದಾದ ಮೇಲೆ ಮದ್ದೂ ಒಂದೇ ಎಂಬ ಭಾವನೆ ಅದರೊಡನೆ ಬೆಳೆದಿದೆ. ‘ಗ್ಯಾಸ್ ಮಾತ್ರೆ’ ಎಂದು ಕೇಳಿದವರಿಗೆ ಅನೇಕ ವೇಳೆ ದೊರೆಯುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರೆಬೆಪ್ರಜೋಲ್ ಎಂಬ ಒಂದೇ ವಂಶದ ಔಷಧಗಳಲ್ಲೊಂದು. ಇವು ವಾಯುವನ್ನು ಹೋಗಲಾಡಿಸತಕ್ಕವಲ್ಲ. ಜಠರದಲ್ಲಿ ಆಮ್ಲದ ಉತ್ಪತ್ತಿಯನ್ನೇ ತಡೆಯತಕ್ಕವು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದೆಂದು ವಿಧಿಯುಂಟು. ಪೊಟ್ಟಣದ ಮೇಲಿನ ಕೆಂಪು ಗೆರೆ ಅದರ ಗುರುತು. ಇವನ್ನು ಯಾವಾಗ ಸೇವಿಸಬೇಕು, ಹೇಗೆ ನಿಲ್ಲಿಸಬೇಕು ಎಂಬುದಕ್ಕೆ ಉತ್ತರವು ಇವು ಕೆಲಸಮಾಡುವ ರೀತಿಯಲ್ಲಿಯೇ ಅಡಗಿದೆ.

ಜಠರದ ಒಳಪದರದಲ್ಲಿ ಆಮ್ಲವನ್ನು ಸ್ರವಿಸುವ ವಿಶಿಷ್ಟ ಜೀವಕೋಶಗಳಿವೆ. ಪ್ರತಿಯೊಂದು ಕೋಶದಲ್ಲಿಯೂ ಪೊಟ್ಯಾಸಿಯಂ ಅಯಾನನ್ನು ಒಳಕ್ಕೆ ತೆಗೆದುಕೊಂಡು ಅದಕ್ಕೆ ಬದಲಾಗಿ ಜಲಜನಕದ ಅಯಾನನ್ನು ಹೊರಕ್ಕೆ ದೂಡುವ ಸೂಕ್ಷ್ಮ ಪಂಪುಗಳು ಅಸಂಖ್ಯವಾಗಿರುತ್ತವೆ. ಇವುಗಳ ಸಾಮರ್ಥ್ಯ ಅದ್ಭುತವಾದುದು. ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಮಡಿಗೂ ಮಿಗಿಲಾದ ಸಾಂದ್ರತೆಗೆ ಅವು ಜಲಜನಕದ ಅಯಾನುಗಳನ್ನು ಏರಿಸಬಲ್ಲವು. ಉಪವಾಸದಲ್ಲಿ ಬಹುಪಾಲು ಪಂಪುಗಳು ಕೋಶದೊಳಗೆ ಸುಮ್ಮನಿರುತ್ತವೆ. ಆಹಾರ ಬಿದ್ದೊಡನೆ ಮೇಲಕ್ಕೆ ಬಂದು ಕೆಲಸಕ್ಕೆ ತೊಡಗುತ್ತವೆ.

ಒಮೆಪ್ರಜೋಲ್ ನೇರವಾಗಿ ಜಠರದಲ್ಲಿ ಕೆಲಸಮಾಡುವುದೆಂದು ತಿಳಿಯುವುದು ಸಹಜ. ಆದರೆ ಜಠರದ ಆಮ್ಲವು ಆ ಔಷಧವನ್ನೇ ಕೆಡಿಸಿಬಿಡುತ್ತದೆ. ಆದುದರಿಂದ ಅದಕ್ಕೆ ಆಮ್ಲದಲ್ಲಿ ಕರಗದ ಲೇಪನವನ್ನು ಕೊಟ್ಟಿರುತ್ತಾರೆ. ಮಾತ್ರೆಯನ್ನು ಪುಡಿಮಾಡಿ ಅಥವಾ ಅಗಿದು ತಿನ್ನಕೂಡದೆಂಬ ಸೂಚನೆಗೆ ಕಾರಣವಿದೇ. ಔಷಧವು ಸಣ್ಣ ಕರುಳಿನಲ್ಲಿ ಕರಗಿ, ರಕ್ತವನ್ನು ಸೇರಿ, ಅಲ್ಲಿಂದ ಆಮ್ಲಕೋಶವನ್ನು ಹಿಂಬದಿಯಿಂದ ಪ್ರವೇಶಿಸುತ್ತದೆ. ಅಲ್ಲಿ ಪಂಪು ಹೊರಗೆಡಹುವ ಆಮ್ಲದ ಸಂಪರ್ಕದಿಂದಲೇ ಅದು ಮಾರ್ಪಟ್ಟು, ಆ ಪಂಪಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಕೆಲಸದಲ್ಲಿ ತೊಡಗಿದ ಪಂಪು ಮಾತ್ರ ಹೀಗೆ ಸಿಕ್ಕಿಬೀಳುತ್ತದೆ. ಮಲಗಿರುವ ಪಂಪು ಪಾರಾಗುತ್ತದೆ. ಔಷಧವಾದರೋ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲತಕ್ಕುದಲ್ಲ. ಸುಮಾರು 1 ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಬೆಳಗಿನ ಉಪಾಹಾರಕ್ಕೆ 30ರಿಂದ 60 ನಿಮಿಷ ಮುಂಚೆ ಸೇವಿಸಬೇಕೆಂಬ ನಿಯಮ ಇದರಿಂದ ಹುಟ್ಟಿದುದು. ಊಟವಾದ ಮೇಲೆ ಮಲಗುವಾಗ ನುಂಗಿದ ಮಾತ್ರೆ ಬಹುಮಟ್ಟಿಗೆ ವ್ಯರ್ಥ.

ಒಂದು ದಿನದ ಮಾತ್ರೆಗೆ ಎಲ್ಲ ಪಂಪುಗಳೂ ಸಿಗುವುದಿಲ್ಲವಾದ ಕಾರಣ ಪೂರ್ಣಫಲ ಕಾಣಬೇಕಾದರೆ 3–4 ದಿನಗಳಾದರೂ ಬೇಕು. ಎದೆಯುರಿ ಬಂದಾಗ ಒಂದನ್ನು ನುಂಗಿ ಒಡನೆಯೇ ಉಪಶಮನವನ್ನು ಬಯಸುವವರಿಗೆ ಇದಕ್ಕಿಂತ ಸಾಧಾರಣವಾದ ಆಮ್ಲಶಾಮಕ ದ್ರವವೇ ಮೇಲು.

1988ರಲ್ಲಿ ಸ್ವೀಡನ್ನಿನಲ್ಲಿ ಬಳಕೆಗೆ ಬಂದ ಒಮೆಪ್ರಜೋಲ್ ಜಠರದ ಹುಣ್ಣಿನ ಚಿಕಿತ್ಸೆಯನ್ನು ಬದಲಾಯಿಸಿತೆಂಬುದು ಅತಿಶಯೋಕ್ತಿಯಲ್ಲ. ಹೆಲಿಕೋಬ್ಯಾಕ್ಟರ್ ಎಂಬ ರೋಗಾಣುವೇ ಬಹುಪಾಲು ಹುಣ್ಣುಗಳಿಗೆ ಕಾರಣವೆಂದು ತೋರಿಸಿಕೊಟ್ಟ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ರೋಗಾಣುವನ್ನು ನಿರ್ಮೂಲಮಾಡುವ ಚಿಕಿತ್ಸೆಯಲ್ಲಿಯೂ ಈ ಔಷಧಕ್ಕೆ ಪಾತ್ರವಿದೆ; ಆದರೆ ಅದು ಕೆಲವು ವಾರಗಳ ಪಾತ್ರ. ಅನ್ನನಾಳದ ಉರಿಯೂತಕ್ಕೂ ಸಾಮಾನ್ಯವಾಗಿ ವಿಧಿಸುವ ಅವಧಿ 8 ವಾರಗಳು. ಹೀಗಿರಲು, ವಾರಗಳಿಗೆಂದು ಬರೆದುಕೊಟ್ಟ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದು ಹೇಗೆ?

ಇದಕ್ಕೆ ಕಾರಣ ಕೇವಲ ಅಲಕ್ಷ್ಯವಲ್ಲ. ಜಠರದಲ್ಲಿ ಆಮ್ಲ ಕಡಮೆಯಾದಾಗ ದೇಹವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಆಮ್ಲವನ್ನು ಪ್ರಚೋದಿಸುವ ಕೋಶಗಳು ಅದರಿಂದ ಬಲಗೊಳ್ಳುತ್ತವೆ. ಔಷಧವನ್ನು ತಟ್ಟನೆ ನಿಲ್ಲಿಸಿದರೆ ತಡೆ ಹೋಗಿ ಪ್ರಚೋದನೆ ಮಾತ್ರ ಉಳಿದು, ಆಮ್ಲವು ಮೊದಲಿಗಿಂತಲೂ ಹೆಚ್ಚಾಗಿ ಹೊಮ್ಮುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಪ್ರಯೋಗ ಇಲ್ಲಿ ಗಮನಾರ್ಹ. ಎದೆಯುರಿಯ ಲಕ್ಷಣವೇ ಇಲ್ಲದ 120 ಮಂದಿ ಆರೋಗ್ಯವಂತರಲ್ಲಿ ಒಂದು ಗುಂಪಿಗೆ 8 ವಾರ ದಿನಕ್ಕೆ 40 ಮಿಲಿಗ್ರಾಂ ಇಸೊಮೆಪ್ರಜೋಲನ್ನೂ ಆಮೇಲೆ 4 ವಾರ ಹುಸಿಮಾತ್ರೆಯನ್ನೂ ಕೊಡಲಾಯಿತು; ಇನ್ನೊಂದಕ್ಕೆ 12 ವಾರವೂ ಹುಸಿಮಾತ್ರೆ. ಕೊನೆಯ 4 ವಾರಗಳಲ್ಲಿ ಮೊದಲನೆಯ ಗುಂಪಿನ ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು ಮೊದಲಾದವು ಕಾಣಿಸಿಕೊಂಡವು. ಎರಡನೆಯದರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. ಇಲ್ಲದ ರೋಗವನ್ನು ಔಷಧದ ನಿಲುಗಡೆಯೇ ಉಂಟುಮಾಡಿತೆಂದಾಯಿತು. ರೋಗಿಯಾದವನು ಇದನ್ನು ಹಳೆಯ ಬೇನೆ ಮರಳಿತೆಂದು ಬಗೆದು ಮತ್ತೆ ಮಾತ್ರೆಯನ್ನು ಹಿಡಿದರೆ ಆಶ್ಚರ್ಯವೇನು? ಈ ಕಾಟವು ಸಾಧಾರಣವಾಗಿ ಕೆಲವು ವಾರಗಳಲ್ಲಿ ತಾನಾಗಿ ಅಡಗುತ್ತದೆ. ವೈದ್ಯರು ಪ್ರಮಾಣವನ್ನು ಅರ್ಧಕ್ಕಿಳಿಸಿಯೋ, ದಿನ ಬಿಟ್ಟು ದಿನ ಕೊಟ್ಟೋ, ನಡುವೆ ಆಮ್ಲಶಾಮಕಗಳ ನೆರವಿನಿಂದಲೋ ರೋಗಿಯನ್ನು ದಾಟಿಸಬಲ್ಲರು.

ಆದರೆ ಎಲ್ಲರೂ ಬಿಡತಕ್ಕುದೆಂದು ಇದರ ಅರ್ಥವಲ್ಲ. ಹುಣ್ಣಿನಿಂದ ರಕ್ತಸ್ರಾವವಾಗಿದ್ದವರು, ಹೃದ್ರೋಗಕ್ಕೆ ಆಸ್ಪಿರಿನ್ನನ್ನೋ ಕೀಲುನೋವಿಗೆ ನೋವುನಿವಾರಕಗಳನ್ನೋ ನಿತ್ಯವೂ ಸೇವಿಸುವ ವೃದ್ಧರು, ಅನ್ನನಾಳದ ಒಳಪದರ ಮಾರ್ಪಟ್ಟಿರುವವರು ತಾವಾಗಿ ನಿಲ್ಲಿಸುವುದು ಅಪಾಯಕರ.

ದೀರ್ಘಕಾಲದ ಬಳಕೆಯ ದೋಷಗಳ ವಿಷಯದಲ್ಲಿ ಭೀತಿಯೂ ಕೆಲವೊಮ್ಮೆ ಮಿತಿಮೀರಿದೆ. ಸುಮಾರು 17,600 ಮಂದಿಗೆ ಪ್ಯಾಂಟೊಪ್ರಜೋಲನ್ನೋ ಹುಸಿಮಾತ್ರೆಯನ್ನೋ ಕೊಟ್ಟು ಸರಾಸರಿ 3 ವರ್ಷ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಕರುಳಿನ ಸೋಂಕು ಮಾತ್ರ ತುಸು ಹೆಚ್ಚಾಗಿ ಕಂಡಿತು. ಆದರೂ ಮೆಗ್ನೀಸಿಯಂ ಹಾಗೂ ಬಿ12 ಜೀವಸತ್ವದ ಕೊರತೆ ಹಲವರಲ್ಲಿ ಕಂಡುಬಂದಿರುವುದರಿಂದ ವರ್ಷಕ್ಕೂ ಮೀರಿ ಸೇವಿಸುವವರು ರಕ್ತಪರೀಕ್ಷೆಯ ಬಗೆಗೆ ವೈದ್ಯರನ್ನು ವಿಚಾರಿಸುವುದು ಉಚಿತ. ಮೂತ್ರಪಿಂಡಕ್ಕೆ ತಟ್ಟನೆ ಒದಗಬಹುದಾದ ಹಾನಿಯನ್ನು ವಿವರಣಪತ್ರದಲ್ಲಿ ನಮೂದಿಸಬೇಕೆಂದು ಭಾರತದ ಔಷಧ ನಿಯಂತ್ರಣಾಧಿಕಾರಿಗಳು 2019ರಲ್ಲಿ ಸೂಚಿಸಿದರು. ಅದು ವಿರಳ, ಆದರೆ ನಿಜ. ಕ್ಲೊಪಿಡೋಗ್ರೆಲ್ ಸೇವಿಸುವ ಹೃದ್ರೋಗಿಗಳಿಗೆ ಒಮೆಪ್ರಜೋಲ್ ತಕ್ಕುದಲ್ಲ. ಆ ಔಷಧವನ್ನು ಕಾರ್ಯಶೀಲಗೊಳಿಸುವ ಯಕೃತ್ತಿನ ಕಿಣ್ವವನ್ನು ಇದು ಅಡ್ಡಗಟ್ಟುತ್ತದೆ. ಪ್ಯಾಂಟೊಪ್ರಜೋಲಿನಲ್ಲಿ ಈ ದೋಷ ಕಡಮೆ.

ಇಷ್ಟಾದರೂ ನಮ್ಮ ನಾಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯವು ಔಷಧದಲ್ಲಿಲ್ಲ, ‘ಗ್ಯಾಸ್ಟ್ರಿಕ್’ ಎಂಬ ಆ ಹೆಸರಿನಲ್ಲಿದೆಯೆಂದೇ ನನ್ನ ಅಭಿಪ್ರಾಯ. ಎದೆಯ ನಡುವಿನ ಒತ್ತಡ, ತೋಳಿಗೋ ದವಡೆಗೋ ಹರಡುವ ನೋವು, ಬೆವರು ಇವು ಹೃದಯಾಘಾತದ ಲಕ್ಷಣಗಳು. ಮಾತ್ರೆ ನುಂಗಿ ಕಾಯುತ್ತ ಕೂರುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತವಾಂತಿ ಇವುಗಳಲ್ಲೊಂದು ಕಂಡರೂ ಅಂತರ್ದರ್ಶಕದಿಂದ ಜಠರವನ್ನು ಪರೀಕ್ಷಿಸಬೇಕು. ಜಠರದ ಕ್ಯಾನ್ಸರಿನ ನೋವನ್ನೂ ಈ ಔಷಧ ಕೆಲಕಾಲ ಶಮನಗೊಳಿಸಬಲ್ಲುದು. ಗೆಡ್ಡೆಯ ಬೆಳವಣಿಗೆಯನ್ನು ತಡೆಯಲಾರದು.