ಉಪ್ಪಿನ ಹರಳಿನಷ್ಟು ಸತು!

ಎಂಬತ್ತು ಮೈಕ್ರೋಗ್ರಾಂ! ಪುಡಿ ಉಪ್ಪಿನ ಒಂದೇ ಒಂದು ಹರಳನ್ನು ಬೆರಳ ತುದಿಗೆ ಅಂಟಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ತೂಕ. 100 ಮಿಲಿಲೀಟರ್ ರಕ್ತದ ಸೀರಮ್‌ನಲ್ಲಿ ಸತು (ಜಿಂಕ್) ಅಷ್ಟೂ ಇಲ್ಲದಿದ್ದರೆ ಕೊರತೆ ಎಂದು ಲೆಕ್ಕ. ಕೊರೊನಾ ಬಂದವರಲ್ಲಿ ಯಾರು ಸಲೀಸಾಗಿ ಮನೆಗೆ ಹೋಗುತ್ತಾರೆ, ಯಾರು ಉಸಿರಿಗೆ ಪರದಾಡುತ್ತಾರೆ ಎಂಬ ಸುಳಿವು ಇಷ್ಟು ಸಣ್ಣದರಲ್ಲಿ ಅಡಗಿರಬಹುದೇ?

2020ರಲ್ಲಿ ಚೆನ್ನೈ ಮೊದಲ ಅಲೆಗೆ ತತ್ತರಿಸುತ್ತಿದ್ದಾಗ, ಕ್ರೋಮ್‌ಪೇಟೆಯ ಡಾ. ರೇಲಾ ಆಸ್ಪತ್ರೆಯಲ್ಲಿ ದಿನೇಶ್ ಜೋತಿಮಣಿ ಮತ್ತವರ ತಂಡ ಇದನ್ನೇ ಹುಡುಕಿ ಹೊರಟಿತು. ದಾಖಲಾಗುತ್ತಲೇ 47 ಸೋಂಕಿತರ ರಕ್ತ ತೆಗೆದರು. ಹೋಲಿಕೆಗೆ 45 ಆರೋಗ್ಯವಂತರದ್ದು. ಆರೋಗ್ಯವಂತರಲ್ಲಿ ಸತುವಿನ ಮಧ್ಯಾಂಕ 105.8 ಮೈಕ್ರೋಗ್ರಾಂ, ಸೋಂಕಿತರದ್ದು ಬರೀ 74.5! ಸೋಂಕಿತರಲ್ಲಿ 27 ಮಂದಿಗೆ ಸತು ಕಡಿಮೆ. ಅವರಲ್ಲಿ 19 ಮಂದಿಗೆ ಕಾಯಿಲೆ ಬಿಗಡಾಯಿಸಿತು. ಸತು ಸಾಕಷ್ಟಿದ್ದ 20 ಮಂದಿಯಲ್ಲಿ ಆರೇ ಜನಕ್ಕೆ. ತೀರಿಕೊಂಡ ಐವರೂ ಸತು ಕಡಿಮೆಯಿದ್ದವರೇ. ಚಿಕ್ಕ ಅಧ್ಯಯನ, ಸಾವಿನ ಲೆಕ್ಕ ಆಕಸ್ಮಿಕವೂ ಇರಬಹುದು. ಆದರೂ ಓದುತ್ತಾ ಮೈ ಜುಂ ಎಂದಿತು!

ಮನುಷ್ಯರಿಗೂ ಸತುವಿನ ಕೊರತೆ ಆಗುತ್ತದೆಂದು 1960ರ ದಶಕದಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್. ಇರಾನಿನ ಶಿರಾಜ್‌ನಲ್ಲಿ ಅವರು ಕಂಡ 21ರ ಯುವಕ ಹತ್ತು ವರ್ಷದ ಹುಡುಗನಂತಿದ್ದ! ಆತ ಬರೀ ರೊಟ್ಟಿ ತಿನ್ನುತ್ತಿದ್ದ, ಮಣ್ಣೂ ತಿನ್ನುತ್ತಿದ್ದ; ಸತು ಸಿಗದೆ ಬೆಳವಣಿಗೆ ನಿಂತಿರಬೇಕೆಂದು ಪ್ರಸಾದ್ ಊಹಿಸಿದರು. ನಮ್ಮ ಮೈಯಲ್ಲಿರುವ ಸತು ಒಟ್ಟು ಎರಡು ಮೂರು ಗ್ರಾಂ ಅಷ್ಟೇ. ಅದನ್ನೇ ನೆಚ್ಚಿ 300ಕ್ಕೂ ಹೆಚ್ಚು ಕಿಣ್ವಗಳು ದುಡಿಯುತ್ತವೆ. 2010ರಲ್ಲಿ ನೆದರ್ಲೆಂಡ್ಸ್‌ನ ಪ್ರಯೋಗಾಲಯದಲ್ಲಿ, ಹಿಂದಿನೊಂದು ಕೊರೊನಾ ವೈರಸ್ ತನ್ನ ಪ್ರತಿ ತೆಗೆಯಲು ಬಳಸುವ ಕಿಣ್ವವನ್ನೇ ಸತು ತಡೆದು ನಿಲ್ಲಿಸಿತ್ತು.

ಇನ್ನೂ ದೊಡ್ಡ ಸೋಜಿಗ ಮುಂದಿದೆ. ಸೋಂಕು ತಗಲಿದೊಡನೆ ನಮ್ಮ ಯಕೃತ್ತು ರಕ್ತದಲ್ಲಿರುವ ಸತುವನ್ನು ತಾನೇ ಸೆಳೆದುಕೊಳ್ಳುತ್ತದೆ! ಹಾಗಾದರೆ ಸತು ಕಡಿಮೆಯಿದ್ದುದರಿಂದ ಕಾಯಿಲೆ ಜೋರಾಯಿತೋ, ಕಾಯಿಲೆ ಜೋರಾದ್ದರಿಂದ ಸತು ಇಳಿಯಿತೋ? ಚೆನ್ನೈನ ಲೆಕ್ಕವೊಂದರಿಂದಲೇ ಇದನ್ನು ಬಿಡಿಸಲಾಗದು. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮನೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದ ಸೋಂಕಿತರಿಗೆ ಹೆಚ್ಚಿನ ಪ್ರಮಾಣದ ಸತು ಕೊಟ್ಟರೂ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ.

ಆದ್ದರಿಂದ ಜಿಂಕ್ ಮಾತ್ರೆ ತರಲು ಮೆಡಿಕಲ್ ಶಾಪಿಗೆ ಓಡಬೇಡಿ. ತಿಂಗಳುಗಟ್ಟಲೆ ಅತಿಯಾಗಿ ನುಂಗಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ಬೇರೆ ತೊಂದರೆ ಶುರುವಾಗುತ್ತದೆ. ಹೆಸರುಕಾಳು, ಕಡಲೆ, ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ತಿನ್ನಿ. ಮೊಳೆತಾಗ ಕಾಳಿನಲ್ಲಿ ಸತುವನ್ನು ಹಿಡಿದಿಟ್ಟ ಫೈಟೇಟ್ ಕಡಿಮೆಯಾಗಿ, ಸತು ಮೈಗೆ ಹತ್ತುತ್ತದೆ.